ಒಂದು ಚುಕ್ಕಿ, ಎರಡು ಚುಕ್ಕಿ

ಫೆಬ್ರವರಿ 3, ಶನಿವಾರ

ಮಣಿಪಾಲದಲ್ಲಿ ಡ್ಯೂಟಿ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬೆಳ್ಮಣ್‌ನ ಮನೆಗೆ. ಪಪ್ಪ ಇವತ್ತೂ ಫಿಸಿಯೋಥೆರಪಿಗೆ ಹೋಗಿಲ್ಲ. ಮಮ್ಮಿ ತರಿಸಿದ ರಿಕ್ಷಾ ವಾಪಸ್. ಸ್ಟ್ರೋಕ್ ಆಗಿ ಮೂರು ತಿಂಗಳು. ಬಲಗೈ ಬರುವುದಿದ್ದರೆ ಈಗಲೇ ಬರಬೇಕು, ಆಮೇಲೆ ಕಷ್ಟ. ನರ್ಸ್ ಆದ ನನಗೆ ಗೊತ್ತಿಲ್ಲವೇ?

ನಲವತ್ತು ವರ್ಷ ಊರಿನ ಕಾರುಗಳನ್ನೆಲ್ಲ ರಿಪೇರಿ ಮಾಡಿದ ಪಪ್ಪ, ಲಿಯೋನೆಲ್ ಮೆಕ್ಯಾನಿಕ್, ಹೋದರೆ ತನ್ನ ಫಿಯಾಟ್‌ನಲ್ಲೇ ಹೋಗುವುದಂತೆ. ಅದೋ, ಹಿಂದಿನ ಆಕ್ಸಲ್ ಗೊರಗೊರ ಎನ್ನುತ್ತ ಅಕ್ಟೋಬರಿನಿಂದ ಶೆಡ್ಡಿನಲ್ಲಿ. ಬೇರೆ ಮೆಕ್ಯಾನಿಕ್ ಮುಟ್ಟಕೂಡದು.

ಹಠ ಅಂದರೆ ಹಠ. ನನ್ನದೂ ಅದೇ ರಕ್ತ. “ನಾನೇ ಬಿಚ್ಚುತ್ತೇನೆ ಪಪ್ಪಾ. ನೀವು ಹೇಳಿಕೊಡಿ” ಎಂದೆ.

ನಕ್ಕರು. ಒಂದೇ ಕಡೆಯ ಬಾಯಿಯಿಂದ.

ಫೆಬ್ರವರಿ 4, ಭಾನುವಾರ

ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವಳೇ ನೈಟಿ, ಅದರ ಮೇಲೆ ಪಪ್ಪನ ಹಳೇ ಶರ್ಟು. ಪಕ್ಕದ ಮನೆಯ ಯಶ್ವಂತ್ ಬಂದ — ಕಾಲೇಜಿನ ವರ್ಕ್‌ಶಾಪಿನಲ್ಲಿ ಕೆಲಸ ಅವನಿಗೆ. ಜಾಕ್ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರ ತೆಗೆದೆವು. ಆಯಿಲ್ ಕಪ್ಪು, ಅದರಲ್ಲಿ ಕಬ್ಬಿಣದ ಮಿನುಗು. ಪಪ್ಪ ಕುರ್ಚಿಯಲ್ಲಿ ಕೂತು ಕೋಲಿನಿಂದ ತೋರಿಸಿದ್ದನ್ನು ಬಿಚ್ಚಿದೆ. ಎರಡೂ ಆಕ್ಸಲ್ ಎಳೆದು, ಉದ್ದದ ಶಾಫ್ಟ್ ಕಳಚಿ... ನಾಲ್ಕು ಗಂಟೆಗೆ, ಹಿಂದಿನ ಎರಡು ಚಕ್ರಗಳ ನಡುವಿನ ಗಿಯರ್ ಕೂಟ, ಡಿಫರೆನ್ಶಿಯಲ್, ಹೊರಗೆ!

ಒಂದು ಪಕ್ಕದ ಗಿಯರ್ ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಪಕ್ಕದ್ದು ತಾನಾಗಿ ಹಿಂದಕ್ಕೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಓಡಬೇಕಲ್ಲ, ಅದಕ್ಕಂತೆ. ಎಂತಹ ತಲೆ ಇದನ್ನು ಯೋಚಿಸಿದ್ದು! ಇದರ ಮೇಲೆ ಕೂತು ಶಾಲೆಗೆ ಹೋದವಳು, ಒಂದು ದಿನವೂ ಗೊತ್ತಿರಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಬಡಿಯುವ ಹೃದಯವನ್ನೇ ಕಂಡಿದ್ದೇನೆ. ಆದರೂ ಇವತ್ತು ಬಾಯಿ ಬಿಟ್ಟು ನೋಡಿದೆ.

ಎರಡು ಬೇರಿಂಗ್ ಹೋಗಿವೆ. ಗಿಯರಿನ ಹಲ್ಲುಗಳು ಚೆನ್ನಾಗಿವೆ.

ಫೆಬ್ರವರಿ 11, ಭಾನುವಾರ

ಉಡುಪಿಯಲ್ಲಿ ಬೇರಿಂಗ್ ಸಿಕ್ಕಿತು. ಹಳೆಯದನ್ನು ಯಶ್ವಂತ್ ಪುಲ್ಲರ್ ಹಾಕಿ ತೆಗೆದ. ನಾನು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಟ್ರೇಯಲ್ಲಿ ಸೈಜ್ ಪ್ರಕಾರ ಸಾಲಾಗಿ ಜೋಡಿಸಿದೆ. ಥಿಯೇಟರಿನ ಹಾಗೆ. ಎಷ್ಟು ಚಂದ!

ಆಮೇಲೆ ಪಪ್ಪ ಬಂದು ನೋಡಿದರು. ಕೋಲು ನೆಲಕ್ಕೆ ಬಡಿದರು.

“ಎಡದ್ದು ಯಾವುದು?”

ಬೇರಿಂಗ್ ಮೇಲಿನ ಎರಡು ಕ್ಯಾಪ್. ಕಣ್ಣಿಗೆ ಒಂದೇ ತರ. ಆದರೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಕೂರಬೇಕಂತೆ. ಅದಲುಬದಲಾದರೆ ಹೊಸ ಬೇರಿಂಗೂ ಹೋಯಿತು. ಮೆಕ್ಯಾನಿಕ್ ಆದವನು ಮೊದಲು ಗುರುತು ಹಾಕಿ ಆಮೇಲೆ ಬಿಚ್ಚುತ್ತಾನೆ. ನಾನು ತೊಳೆದು ಚಂದ ಮಾಡಿದೆ.

ಪಪ್ಪ ಎದ್ದು ಒಳಗೆ ಹೋದರು. ಊಟ ಮಾಡಲಿಲ್ಲ. ನಾನು ಅತ್ತುಬಿಟ್ಟೆ.

ಫೆಬ್ರವರಿ 14, ವಿಭೂತಿ ಬುಧವಾರ

ರಜೆ ಹಾಕಿದೆ. ಹಣೆಯ ಬೂದಿ ಒರೆಸದೆ ಶೆಡ್ಡಿಗೆ ಹೋದರೆ — ಪಪ್ಪ ಆಗಲೇ ಅಲ್ಲಿ. ಮೂರು ದಿನ ಶೆಡ್ಡಿನ ಕಡೆ ತಲೆ ಹಾಕದವರು.

ಎಡಗೈಯಲ್ಲಿ ಒಂದು ಕ್ಯಾಪ್. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಅಂಚು ಸವರಿದರು. ಎಡ ತೊಡೆಯ ಮೇಲಿಟ್ಟರು. ಇನ್ನೊಂದನ್ನು ಸವರಿದರು. ಬಲ ತೊಡೆ.

“ಮುಟ್ಟಿ ನೋಡು, ಆನ್ಸಿ.”

ಎಡದ್ದರಲ್ಲಿ ಒಂದು ಚುಕ್ಕಿ. ಬಲದ್ದರಲ್ಲಿ ಎರಡು. ಉಕ್ಕಿನ ಪಂಚ್‌ನಿಂದ ಹೊಡೆದದ್ದು, ಸಾಸಿವೆಯಷ್ಟೂ ಇಲ್ಲ. ಅಷ್ಟು ತೊಳೆದರೂ ನಾನು ಕಂಡಿರಲಿಲ್ಲ.

“ಯಾರು ಹಾಕಿದ್ದು?”

“ನಾನು. ನೀನು... ಹುಟ್ಟಿದ ವರ್ಷ. ಮರೆತಿದ್ದೆ.”

ಮೂವತ್ತಮೂರು ವರ್ಷ ಕತ್ತಲಲ್ಲಿ, ಎಣ್ಣೆಯೊಳಗೆ ಆ ಚುಕ್ಕಿಗಳು. ಬೆರಳ ತುದಿಗೆ ಅವು ತಾಕುತ್ತಲೇ ಇವೆ. ಈಗಲೂ.

ಫೆಬ್ರವರಿ 18, ಭಾನುವಾರ

ಕ್ರೌನ್ ಎಂಬ ದೊಡ್ಡ ಗಿಯರ್ ಕೂರಿಸಿದೆವು. ಹಲ್ಲಿಗೂ ಹಲ್ಲಿಗೂ ನಡುವೆ ಎಷ್ಟು ಸಡಿಲ ಇರಬೇಕೆಂದು ಪಪ್ಪ ಎಡಗೈಯಲ್ಲೇ ಅಲ್ಲಾಡಿಸಿ ಹೇಳಿದರು. “ಇನ್ನೊಂದು ಚೂರು... ಸಾಕು.” ಯಶ್ವಂತ್‌ಗೆ ನಂಬಿಕೆ ಸಾಲದೆ ಸಡಿಲ ಅಳೆಯುವ ಡಯಲ್ ಗೇಜ್ ಇಟ್ಟ. ಮುಳ್ಳು ನೋಡಿದ, ಫಿಯಾಟ್‌ನ ಪುಸ್ತಕ ನೋಡಿದ, ಪಪ್ಪನನ್ನು ನೋಡಿದ. “ಎಂತ ಕೈ ಮಾರಾಯ್ರೆ ಇದು!”

ಮುಚ್ಚುವ ಮೊದಲು ನಟ್ಟು ವಾಷರ್ ಎಲ್ಲ ಎರಡೆರಡು ಸಲ ಎಣಿಸಿದೆ. ಥಿಯೇಟರಿನ ಈ ಚಾಳಿಗೆ ಪಪ್ಪ ಬೈಯಲಿಲ್ಲ.

ಸಂಜೆ ನಾನೊಬ್ಬಳೇ ಶಿರ್ವದವರೆಗೆ ಓಡಿಸಿ ಬಂದೆ. ಸದ್ದೇ ಇಲ್ಲ! ಪಪ್ಪ ಗೇಟಿನಲ್ಲಿ ಕಿವಿ ಕೊಟ್ಟು ನಿಂತಿದ್ದರು.

ಫೆಬ್ರವರಿ 19, ಸೋಮವಾರ, ಬೆಳಿಗ್ಗೆ 8

ಒಂಬತ್ತೂವರೆಗೆ ಫಿಸಿಯೋಥೆರಪಿ. ನಾನೇ ಓಡಿಸುತ್ತೇನೆ, ಬರುತ್ತೀರಾ ಎಂದು ನಿನ್ನೆ ಕೇಳಿದ್ದಕ್ಕೆ ಎದ್ದು ರೂಮಿಗೆ ಹೋದರು. ನಲವತ್ತು ವರ್ಷದಲ್ಲಿ ಆ ಸ್ಟೇರಿಂಗ್ ಇನ್ನೊಬ್ಬರ ಕೈಗೆ ಬಿಟ್ಟು ಪಕ್ಕದಲ್ಲಿ ಕೂತವರಲ್ಲ. ಕೂರುತ್ತಾರೋ ಇಲ್ಲವೋ... ರೂಮಿನಲ್ಲೂ ಇಲ್ಲ. ಮಮ್ಮಿ ಹುಡುಕುತ್ತಿದ್ದಾರೆ.

ಹಾರ್ನ್. ಶೆಡ್ಡಿನಿಂದ.

ಕಿಟಕಿಯಿಂದ ಕಾಣುತ್ತದೆ. ಕೂತಿದ್ದಾರೆ — ಎಡಗಡೆಯ ಸೀಟಿನಲ್ಲಿ. ಎಡಗೈ ಚಾಚಿ ಮತ್ತೆ ಹಾರ್ನ್. ಬಂದೆ ಪಪ್ಪಾ, ಬಂ—