ಎಲ್ಲರ ಜೊತೆಗೆ ಬರುವ ಮಾತು

ಜೂನ್ ೯, ಭಾನುವಾರ ಸಂಜೆ

ಪ್ರೀತಿಯ ಮಗನಿಗೆ,

ಅಮ್ಮನ ಮುತ್ತುಗಳು. ಪತ್ರ ತಡವಾಯಿತು, ಮುಖ ಊದಿಸಿಕೊಳ್ಳಬೇಡ. ಹೊಲಿಗೆ ಯಂತ್ರದ ಮುಂದೆ ಕೂತವಳು ಎದ್ದಿದ್ದೇ ಇವತ್ತು. ನಿನ್ನ ಮಗಳ ದೀಕ್ಷಾಸ್ನಾನದ ಅಂಗಿಯನ್ನು ಬಿಚ್ಚಿ ಬಿಚ್ಚಿ ಹೊಲಿದೆ. ಊರಿಗೆಲ್ಲ ಬಟ್ಟೆ ಹೊಲಿಯುವ ನನಗೆ ಮೊಮ್ಮಗಳ ಕತ್ತಿನ ಅಳತೆಯೇ ತಪ್ಪಿತು ನೋಡು. ನಿನ್ನ ಹೆಂಡತಿ ನಕ್ಕಿದ್ದೇ ನಕ್ಕಿದ್ದು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ, ತಪ್ಪು ಹೊಲಿದದ್ದೂ ಸಾರ್ಥಕವಾಯಿತು.

ಇವತ್ತು ಚರ್ಚಿನಲ್ಲಿ ದೀಕ್ಷಾಸ್ನಾನ ಆಯಿತು. ಜೈಲಿನಿಂದ ನೀನು ಬರೆದು ಕಳಿಸಿದ ಹೆಸರನ್ನೇ ಇಟ್ಟೆವು. ಆದರೆ ಬೆಳಿಗ್ಗೆಯಿಂದ ನನ್ನ ಜೀವದಲ್ಲಿ ಜೀವ ಇರಲಿಲ್ಲ. ಈ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ನೀವೆಲ್ಲ ಒಪ್ಪುತ್ತೀರಾ ಎಂದು ಪಾದ್ರಿಗಳು ಕೇಳುತ್ತಾರೆ, ಒಪ್ಪುವವರು ಎದ್ದು ನಿಲ್ಲುತ್ತಾರೆ. ಬೇಕರಿ ಮಾವ ನಿಲ್ಲುತ್ತಾರೋ ಇಲ್ಲವೋ ಎನ್ನುವುದೇ ನನ್ನ ಭಯ. ನೀನು ಓಡಿಸುತ್ತಿದ್ದ ವ್ಯಾನಿನ ಅಪಘಾತದಲ್ಲಿ ಅವರ ಮಗ ತೀರಿಹೋದ ಮೇಲೆ ಅವರು ನಮ್ಮೊಡನೆ ಮಾತೇ ಆಡಿಲ್ಲ. ಆರಾಧನೆಯಲ್ಲಿ ಎಲ್ಲರಿಗೂ ಹಂಚುವ ಕರ್ತನ ಮೇಜಿನ ರೊಟ್ಟಿ ಇವತ್ತಿಗೂ ಅವರ ಬೇಕರಿಯದೇ. ಅದನ್ನು ಅವರೂ ತಿನ್ನುತ್ತಾರೆ, ನಾವೂ ತಿನ್ನುತ್ತೇವೆ. ಆಮೇಲೆ ಅವರು ಒಂದು ಬಾಗಿಲಿನಿಂದ, ನಾವು ಇನ್ನೊಂದು ಬಾಗಿಲಿನಿಂದ.

ಪಾದ್ರಿಗಳು ಕೇಳಿದರು. ಮೊದಲು ಎದ್ದದ್ದು ಗಂಟೆ ಬಾರಿಸುವ ತಾತ, ಮಂಡಿ ಹಿಡಿದುಕೊಂಡು, ಗೊಣಗಿಕೊಂಡು. ಆಮೇಲೆ ನರ್ಸಮ್ಮ. ಆಮೇಲೆ ಸಾಲಿಗೆ ಸಾಲೇ ಎದ್ದಿತು. ಬೇಕರಿ ಮಾವ ಮಾತ್ರ ತಲೆ ತಗ್ಗಿಸಿ ಕೂತೇ ಇದ್ದರು. ಪಾದ್ರಿಗಳು ಅವಸರ ಮಾಡಲಿಲ್ಲ. ನಿಂತವರು ಕೂರಲಿಲ್ಲ, ಯಾರೂ ಅವರ ಕಡೆ ತಿರುಗಿ ನೋಡಲೂ ಇಲ್ಲ. ಮಗು ಮಾತ್ರ ಕಿರುಚುತ್ತಿತ್ತು, ಥೇಟ್ ನಿನ್ನದೇ ಗಂಟಲು.

ಕೊನೆಗೆ ಅವರು ಮುಂದಿನ ಬೆಂಚು ಹಿಡಿದು ಎದ್ದರು. ನೆಟ್ಟಗೆ ಬಂದು ನಿನ್ನ ಹೆಂಡತಿಯ ಮುಂದೆ ನಿಂತರು.

"ನಿನ್ನ ಗಂಡನ್ನ ನೆನೆಸ್ಕೊಂಡ್ರೆ ಇನ್ನೂ ಹೊಟ್ಟೆ ಉರಿಯುತ್ತೆ ಕಣಮ್ಮ. ಮನೇಲಿ ಒಬ್ಬನೇ ಪ್ರಾರ್ಥನೆಗೆ ಕೂತು ಕ್ಷಮಿಸಿದ್ದೀನಿ ಅನ್ನೋಕೆ ಹೋದ್ರೆ ಬಾಯಿ ಕಟ್ಟಿಹೋಗುತ್ತೆ. ಇಲ್ಲಿ ಎಲ್ಲರ ಜೊತೆ ಹೇಳಿದ್ರೆ ಮಾತು ಬರುತ್ತೆ. ಇವತ್ತೂ ಇವರೆಲ್ಲ ನಿಂತಿದ್ರು, ಅದಕ್ಕೆ ನಾನೂ ನಿಂತೆ. ಕೊಡು ಮಗೂನ."

ಅವರ ಕೈಗೆ ಹೋದ ಕೂಡಲೇ ಸುಮ್ಮನಾದಳು ಅಂದುಕೊಂಡೆಯಾ? ಇನ್ನೂ ಜೋರಾಗಿ ಕಿರುಚಿದಳು, ಅವರ ಇಸ್ತ್ರಿ ಅಂಗಿಯನ್ನೂ ಒದ್ದೆ ಮಾಡಿದಳು. ಅವರು ಬಿಡಲಿಲ್ಲ, ಅವಳನ್ನೆತ್ತಿಕೊಂಡೇ ಕೊನೆಯ ಹಾಡು ಹಾಡಿದರು. ಎಲ್ಲರೂ ಹಾಡಿದ ಭರಕ್ಕೆ ತಾತ ಗಂಟೆ ಬಾರಿಸುವುದನ್ನೇ ಮರೆತರು. ಗೆದ್ದೆವು ಮಗನೇ, ನಾವೆಲ್ಲ ಗೆದ್ದೆವು. ಇವತ್ತು ಎಲ್ಲರೂ ಒಂದೇ ಬಾಗಿಲಿನಿಂದ ಹೊರಗೆ ಬಂದೆವು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕರ್ತನು ನಿನ್ನನ್ನೂ ಅಲ್ಲಿ ನಿನ್ನ ಪಕ್ಕದಲ್ಲಿ ಮಲಗುವವರನ್ನೂ ಕಾಯಲಿ.

ಇಂತಿ,
ನಿನ್ನ ಅಮ್ಮ

ವಿ.ಸೂ.: ಮಗುವನ್ನು ವಾಪಸು ಕೊಡುವಾಗ ಬೇಕರಿ ಮಾವ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ಕೊನೇಲಿ ನನ್ನ ಹುಡುಗ ಏನಾದ್ರೂ ಅಂದ್ನಾ?" ಆ ಹೊತ್ತಿನಲ್ಲಿ ಅವನ ಪಕ್ಕದಲ್ಲಿದ್ದವನು ನೀನೊಬ್ಬನೇ. ನನಗೆ ಉತ್ತರ ತಡವಾದರೂ ಪರವಾಗಿಲ್ಲ, ಮೊದಲು ಅವರಿಗೆ ಬರೆ.