ನಾಲ್ಕು ಚೌಕದ ಕ್ಷಮೆ

ಸೆಪ್ಟೆಂಬರ್ 14, ಭಾನುವಾರ
ಮಧ್ಯಾಹ್ನ

ನನ್ನ ಪ್ರೀತಿಯ ಪೆನ್ಸಿಲ್,

ನಿನ್ನ ಕಾಗದ ಬಂದು ಇವತ್ತಿಗೆ ಹನ್ನೊಂದು ವಾರ. ಕವರಿನ ಮೇಲಿನ ಅಕ್ಷರ ನೋಡುತ್ತಲೇ ನೀನು ಅಂತ ಗೊತ್ತಾಯಿತು. ಇಪ್ಪತ್ತನಾಲ್ಕು ವರ್ಷದ ಮೇಲೂ ‘ಳ’ಗೆ ಅದೇ ಜುಟ್ಟು ಹಾಕುತ್ತೀಯಲ್ಲ! ತಡ ಮಾಡಿದ್ದಕ್ಕೆ ಬೈಯಬೇಡ. ಕೆಲಸ ಜಾಸ್ತಿ, ಮಗಳ ಪರೀಕ್ಷೆ, ಇವರಿಗೆ ಸೊಂಟ ನೋವು ಎಂದೆಲ್ಲ ಬರೆದು ಮೂರು ಸಲ ಹರಿದುಹಾಕಿದೆ. ಸೊಂಟ ನೋವು ನಿಜ, ಉಳಿದದ್ದೆಲ್ಲ ನೆಪ. ಹೆದರಿಕೆಯಾಗಿ ಬರೆಯಲಿಲ್ಲ ಕಣೇ.

ಮೊದಲು ನನ್ನ ಸುದ್ದಿ ಹೇಳಿಬಿಡುತ್ತೇನೆ. ಸದಾ ಚಿತ್ರ ಬಿಡಿಸುತ್ತೀಯ ಅಂತ ನಿನಗೆ ‘ಪೆನ್ಸಿಲ್’, ಸದಾ ನಿನಗೆ ಅಂಟಿಕೊಂಡಿರುತ್ತೇನೆ ಅಂತ ನನಗೆ ‘ಗೋಂದು’ ಎಂದು ಕ್ಲಾಸಿನವರು ಹೆಸರಿಟ್ಟಿದ್ದರಲ್ಲ, ಹಣೆಬರಹ ನೋಡು, ಈಗ ಗೋಂದೇ ನನ್ನ ಹೊಟ್ಟೆಪಾಡು. ಲೈಬ್ರರಿಯ ಹಿಂಭಾಗದ ರಿಪೇರಿ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಹರಿದ ಪುಸ್ತಕಗಳನ್ನು ಅಂಟಿಸುತ್ತ ಕೂತಿದ್ದೇನೆ. ಉದ್ದನೆಯ ಮೇಜು, ಅಂಟಿಸಿದ ಪುಸ್ತಕ ಒತ್ತಿಡುವ ಎರಡು ಮಣೆ, ದಾರದ ಉಂಡೆ, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಪಾಟು. ಅದೇ ನನ್ನ ರಾಜ್ಯ. ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಅಂಟಿನ ಪೊರೆ. ಮಗಳು ಚಿಕ್ಕವಳಿದ್ದಾಗ ಅದನ್ನು ಸುಲಿಯುವುದೇ ಅವಳಿಗೊಂದು ಆಟ. ಈಗ ಹದಿಮೂರು ಅವಳಿಗೆ, ನನ್ನ ಕೈ ಮುಟ್ಟಿದರೆ ಮುಖ ಸಿಂಡರಿಸುತ್ತಾಳೆ.

ನೀನು ಹಲ್ಲಿನ ಲ್ಯಾಬಿನಲ್ಲಿದ್ದೀಯ ಎಂದು ಓದಿ ನಗು ಬಂತು. ಮೇಣದಲ್ಲಿ ದವಡೆ ಹಲ್ಲು ಕೆತ್ತುವ ಕೆಲಸಕ್ಕೆ ನಿನ್ನಂಥ ಕೈ ಬೇಕೇ ಬೇಕು. ‘ಬೇರೆಯವರ ನಗುವಿಗೆ ಹಲ್ಲು ಮಾಡ್ಕೊಡ್ತೀನಿ ಕಣೇ’ ಎಂದು ಬರೆದಿದ್ದೀಯ. ಆದರೆ ಅದರ ಕೆಳಗೆ, ‘ಪೆನ್ಸಿಲ್ ಮಾತ್ರ ಮತ್ತೆ ಹಿಡೀಲಿಲ್ಲ’ ಎಂದು ಒಂದೇ ಸಾಲು ಬರೆದು ಸುಮ್ಮನಾಗಿದ್ದೀಯ. ಆ ಸಾಲು ಓದಿ ಕಾಗದ ಮಡಚಿದವಳು ಅಂಟಿನ ಡಬ್ಬಿಗಳ ಹಿಂದೆ ಇಟ್ಟುಬಿಟ್ಟೆ. ದಿನಾ ಡಬ್ಬಿ ತೆಗೆಯುವಾಗ ಅದು ಕೈಗೆ ತಾಗುತ್ತಿತ್ತು.

‘ಈಗಲೂ ಮಾಂಗಾ ಓದ್ತೀಯಾ?’ ಎಂದು ಕೇಳಿದ್ದೀಯ. ಓದುವುದೇನು, ರಿಪೇರಿಗೆ ಬರುವ ಪುಸ್ತಕಗಳಲ್ಲಿ ಅರ್ಧ ಆ ಜಪಾನಿ ಚಿತ್ರಕಥೆಗಳೇ. ಹೊಡೆದಾಟದ ಕಥೆಗಳು ಮೂಲೆ ಹರಿದುಕೊಂಡು ಬರುತ್ತವೆ. ಪ್ರೀತಿಯ ಕಥೆಗಳಿಗೆ ಮಾತ್ರ ಬೆನ್ನು ಮುರಿದಿರುತ್ತದೆ, ಅದೂ ಒಂದೇ ಜಾಗದಲ್ಲಿ. ಮೇಜಿನ ಮೇಲಿಟ್ಟರೆ ಸಾಕು, ಪುಸ್ತಕ ತಾನಾಗಿ ಆ ಪುಟಕ್ಕೆ ತೆರೆದುಕೊಳ್ಳುತ್ತದೆ. ಎರಡು ಭಾಗ ಪೂರ್ತಿ ಬಾಯಿ ಬಿಡದ ಹುಡುಗಿ ಕಣ್ಣು ಮುಚ್ಚಿ ‘ನೀನಂದ್ರೆ ನಂಗಿಷ್ಟ’ ಎಂದು ಹೇಳಿಬಿಡುವ ಪುಟ. ಎಷ್ಟು ಜನ ಮಕ್ಕಳು ಅಲ್ಲಿ ಬೆರಳಿಟ್ಟಿದ್ದಾರೋ, ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿರುತ್ತದೆ. ನಾವೂ ಹಾಗೇ ಅಲ್ಲವೇ? ನಿಮ್ಮ ಕಟ್ಟಡದ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು, ಬಲದಿಂದ ಎಡಕ್ಕೆ ಓದುತ್ತ, ‘ತಡಿಯೇ, ನಂದಿನ್ನೂ ಆಗಿಲ್ಲ, ತಿರುಗಿಸ್ಬೇಡ’ ಎಂದು ಜಗಳವಾಡುತ್ತ.

ಈಗ ದಾರ ಪೋಣಿಸುತ್ತ ಅವನ್ನೇ ಓದಿದರೆ ಬೇರೆಯದೇ ಕಾಣುತ್ತದೆ. ಆ ಕಥೆ ಬರೆದವರಿಗೆ ಒಂದು ಸತ್ಯ ಚೆನ್ನಾಗಿ ಗೊತ್ತಿದೆ. ಮೊದಲ ಪ್ರೀತಿಯಲ್ಲಿ ಮಾತಿಗಿಂತ ಮಾತಿನ ಮುಂಚಿನ ಹೊತ್ತೇ ದೊಡ್ಡದು. ಒಂದು ಕೈ ಇನ್ನೊಂದು ಕೈ ಹತ್ತಿರ ಬರಲು ಆರು ಪುಟ, ಪುಟದಲ್ಲಿ ಅಕ್ಷರವೇ ಇಲ್ಲ, ಬರೀ ಗಾಳಿ, ಪರದೆ, ಖಾಲಿ ಬೆಂಚು. ಅಷ್ಟು ನಿಧಾನವಾಗಿ ಹುಡುಗಿ ದೊಡ್ಡವಳಾಗುತ್ತಾಳೆ. ಅದು ನಿಜ. ಆದರೆ ತಪ್ಪು ಮಾಡಿದವರ ವಿಷಯಕ್ಕೆ ಬಂದಾಗ ಆ ಪುಸ್ತಕಗಳಿಗೆ ಭಾರೀ ಅವಸರ. ಒಬ್ಬರು ಸೇತುವೆಯ ತನಕ ಓಡುತ್ತಾರೆ, ಏದುಸಿರು ಬಿಡುತ್ತ ‘ಸಾರಿ’ ಅನ್ನುತ್ತಾರೆ, ಎದುರಿನವರು ಅಳುತ್ತ ನಗುತ್ತಾರೆ. ಚಿತ್ರದ ನಾಲ್ಕು ಚೌಕದಲ್ಲಿ ಕ್ಷಮೆ ಮುಗಿದೇ ಹೋಯಿತು! ನಾನು ಅದನ್ನು ನಂಬಿಕೊಂಡು ಬೆಳೆದವಳು. ಯಾವತ್ತು ಬೇಕಾದರೂ ಓಡಬಹುದು ಎಂದುಕೊಂಡೆ. ಓಡಲೇ ಇಲ್ಲ.

ಹೋದ ಶನಿವಾರ ಮಗಳು ನನ್ನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ಓದುತ್ತಿದ್ದಳು. ಇದ್ದಕ್ಕಿದ್ದಂತೆ, “ಅಮ್ಮಾ, ಹೀರೋಯಿನ್‌ಗೆ ಒಬ್ಳು ಫ್ರೆಂಡ್ ಇರ್ತಾಳಲ್ಲ, ‘ಹೋಗೇ, ಹೇಳ್ಬಿಡೇ’ ಅಂತ ತಳ್ತಾ ಇರ್ತಾಳಲ್ಲ, ಅವಳು ಯಾಕೆ ಒಂದ್ಸಲಾನೂ ಕೋಪ ಮಾಡ್ಕೊಳ್ಳಲ್ಲ?” ಎಂದಳು.

“ಫ್ರೆಂಡ್ ಅಲ್ವಾ, ಯಾಕೆ ಕೋಪ ಮಾಡ್ಕೊಳ್ತಾಳೆ?” ಎಂದೆ.

“ಹೋಗಮ್ಮ, ಸುಳ್ಳು ಅನ್ಸುತ್ತೆ” ಎಂದು ಪುಟ ತಿರುಗಿಸಿದಳು.

ಕುಂಚದಲ್ಲಿದ್ದ ಅಂಟು ಅಲ್ಲೇ ಒಣಗಿತು, ಪೆನ್ಸಿಲ್. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಕಾಗದದ ಕೊನೆಗೆ ನೀನು ಕೇಳಿದ್ದೆ, ‘ನನ್ನ ನೋಟ್‌ಬುಕ್ ಏನಾಯ್ತು, ನಿನಗೇನಾದ್ರೂ ಗೊತ್ತಾ?’ ಎಂದು. ಗೊತ್ತು. ನಿನಗೆ ಗೊತ್ತಿಲ್ಲದ್ದನ್ನೂ ಸೇರಿಸಿ ಹೇಳುತ್ತೇನೆ, ಪೂರ್ತಿ ಓದು.

ಒಂಬತ್ತನೇ ಕ್ಲಾಸು. ಆ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ನೀನು ನಿನ್ನದೇ ಮಾಂಗಾ ಶುರು ಮಾಡಿದ್ದೆ. ಹೀರೋ ನಮ್ಮ ಕ್ಲಾಸಿನ ಎಡಚ. ಎಡಗೈಯಲ್ಲಿ ಬರೆದು ಬರೆದು ಅವನ ಅಂಗೈ ಬದಿಗೆಲ್ಲ ಶಾಯಿ ಮೆತ್ತಿಕೊಂಡಿರುತ್ತಿತ್ತಲ್ಲ, ನೀನು ಮುಖಕ್ಕಿಂತ ಆ ಕೈಯನ್ನೇ ಹೆಚ್ಚು ಬಿಡಿಸಿದ್ದೆ. ಮೊದಲು ಓದುತ್ತಿದ್ದವಳು ನಾನೇ. ಮೊದಮೊದಲು ಎಷ್ಟು ಹಿಗ್ಗು ನನಗೆ! ಆಮೇಲೆ ಒಂದೊಂದೇ ಚುಚ್ಚತೊಡಗಿತು. ಮೆಟ್ಟಿಲ ಮೇಲೆ ಕೂತರೆ ನಿನ್ನ ಕಣ್ಣು ಪುಸ್ತಕದಲ್ಲಿ ಇರುತ್ತಿರಲಿಲ್ಲ, ಅವನು ಹೋಗುವ ದಾರಿಯಲ್ಲಿ ಇರುತ್ತಿತ್ತು. ಒಂದು ದಿನ ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ನಿನಗಾಗಿ ಕಾದೆ. ವಾಚ್‌ಮನ್ ಬೀಗ ಹಾಕುತ್ತ, “ಎಲ್ಲಾ ಹೋದ್ರಲ್ಲಮ್ಮ, ಇನ್ಯಾರಿಗೆ ಕಾಯ್ತೀಯಾ?” ಎಂದ. ನೀನು ಎಡಚ ಯಾವ ಗಲ್ಲಿಗೆ ತಿರುಗುತ್ತಾನೆ ಎಂದು ನೋಡಲು ಹಿಂದಿನ ಬಾಗಿಲಿಂದ ಹೋಗಿದ್ದೆ. ಮರುದಿನ ಅದನ್ನೇ ಕಣ್ಣರಳಿಸಿ ಹೇಳಿದೆ. ನಾನು ಕಾದದ್ದು ನಿನಗೆ ನೆನಪೇ ಇರಲಿಲ್ಲ.

ಅದೇ ವಾರ ನಿಮ್ಮ ಅಪ್ಪ ನಿನ್ನ ಬ್ಯಾಗು ಜಾಲಾಡತೊಡಗಿದರೆಂದು ನೋಟ್‌ಬುಕ್ಕನ್ನು ನೀನು ನನ್ನ ಕೈಗೆ ಕೊಟ್ಟೆ. “ನಿನ್ ಹತ್ರ ಇದ್ರೆ ನನ್ ಹತ್ರ ಇದ್ದ ಹಾಗೆ” ಎಂದೆ. ಎರಡು ದಿನ ನನ್ನ ಹತ್ತಿರವಿತ್ತು. ಮೂರನೇ ದಿನ ಬೆಳಿಗ್ಗೆ, ಪ್ರಾರ್ಥನೆಗೆ ಎಲ್ಲರೂ ಹೊರಗೆ ಹೋದಾಗ, ಅದನ್ನು ಮೈಕಿನ ಬೆಂಚಿನ ಮೇಲಿಟ್ಟೆ. ಮೈಕು ನೆನಪಿದ್ದಾಳಲ್ಲ, ಇಡೀ ಶಾಲೆಗೆ ಕೇಳುವ ಗಂಟಲು? ಮರೆತು ಇಟ್ಟದ್ದಲ್ಲ, ಕೈ ಜಾರಿದ್ದಲ್ಲ. ನೆಟ್ಟಗೆ ನಡೆದು ಹೋಗಿ ಇಟ್ಟೆ.

ಏನಂದುಕೊಂಡಿದ್ದೆ ಗೊತ್ತಾ? ಮಾಂಗಾದಲ್ಲಿ ಗುಟ್ಟು ಹೊರಬೀಳುತ್ತದೆ, ಎಲ್ಲರೂ ನಗುತ್ತಾರೆ, ಹೀರೋ ಎದ್ದು ಬಂದು ಅವಳ ಕೈ ಹಿಡಿದುಕೊಂಡು ಹೊರಗೆ ನಡೆಯುತ್ತಾನೆ. ಹಾಗೇ ಆಗುತ್ತದೆ, ನಿನಗೆ ಉಪಕಾರವನ್ನೇ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಅಡಿಯಲ್ಲಿ ಇದ್ದದ್ದು ಬೇರೆ. ನೀನೂ ಒಂದು ಸಲ ಗೇಟಿನ ಹತ್ತಿರ ಒಬ್ಬಳೇ ನಿಲ್ಲಬೇಕು ಅಂತ ಇತ್ತು.

ಮುಂದಿನದು ನಿನಗೆ ಗೊತ್ತು. ಮೈಕು ಟೀಚರ ಕುರ್ಚಿ ಹತ್ತಿ ಒಂದೊಂದು ಚೌಕವನ್ನೂ ಅಭಿನಯ ಮಾಡಿ ಓದಿದಳು. ಎಡಚ ಸೀಮೆಸುಣ್ಣದ ಡಬ್ಬಿ ಹಿಡಿದು ಒಳಗೆ ಬಂದ, ಎಲ್ಲರೂ “ಕೈ ತೋರ್ಸೋ, ಕೈ ತೋರ್ಸೋ” ಎಂದು ಕೂಗಿದರು. ಅವನು ಕೈಯನ್ನು ಜೇಬಿಗೆ ತುರುಕಿಕೊಂಡು ತಿರುಗಿ ಹೋದ. ಯಾರ ಕೈಯನ್ನೂ ಹಿಡಿಯಲಿಲ್ಲ. ನೀನು ಅಳಲಿಲ್ಲ. ನಿನ್ನ ಬೆಂಚಿಗೆ ಬಂದು ಸ್ಕೇಲು, ರಬ್ಬರು, ಪೆನ್ನು ಒಂದೊಂದಾಗಿ ಡಬ್ಬಿಗೆ ತುಂಬಿದೆ. ಆಗ ಇಡೀ ಕ್ಲಾಸು ನಗುತ್ತಿತ್ತು. ನಾನೂ ನಕ್ಕೆ, ಪೆನ್ಸಿಲ್. ನಗದಿದ್ದರೆ ಗೊತ್ತಾಗಿಬಿಡುತ್ತದೆ ಎಂಬ ಭಯಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕೆ.

ಹೆಡ್‌ಮಿಸ್ ನಿಮ್ಮ ಅಪ್ಪನನ್ನು ಕರೆಸಿದರು. ನಿನ್ನನ್ನು ಶಾಲೆ ಬಿಡಿಸಿ ಬೇರೆ ಊರಿಗೆ, ದೊಡ್ಡಮ್ಮನ ಮನೆಗೆ ಕಳಿಸಿದರು. ಹೆಡ್‌ಮಿಸ್ ಕಿತ್ತುಕೊಂಡ ನೋಟ್‌ಬುಕ್ಕು ಸ್ಟಾಫ್‌ರೂಮಿನ ಕಪಾಟಿನಲ್ಲೇ ಉಳಿಯಿತು. ವರ್ಷದ ಕೊನೆಗೆ ರದ್ದಿ ಮಾರುವಾಗ ಅದು ಕೈಗಾಡಿಯ ಮೇಲೆ ಉತ್ತರಪತ್ರಿಕೆಗಳ ನಡುವೆ ಕಂಡಿತು. ನೀಲಿ ರಟ್ಟು, ನಾನಿದ್ದಲ್ಲಿಂದ ಹತ್ತು ಹೆಜ್ಜೆ. ಕೇಳಿದ್ದರೆ ರದ್ದಿಯವನು ಕೊಡುತ್ತಿದ್ದ. ಗೆಳತಿಯರು ಜೊತೆಗಿದ್ದರು, ಕೇಳಲಿಲ್ಲ. ಗಾಡಿ ಹೋಯಿತು. ಈಗ ದಿನಕ್ಕೆ ಹತ್ತು ಪುಸ್ತಕ ಉಳಿಸುತ್ತೇನೆ. ಅದನ್ನೊಂದನ್ನು ಉಳಿಸಲಿಲ್ಲ.

ಎಡಚನ ವಿಷಯವನ್ನೂ ಹೇಳಬೇಕು. ಹೋದ ವರ್ಷ ನಮ್ಮ ಲೈಬ್ರರಿಯ ಲಿಫ್ಟು ಕೆಟ್ಟಾಗ ರಿಪೇರಿಗೆ ಬಂದವನು ಅವನೇ. ತಲೆ ಪೂರ್ತಿ ಬೋಳು, ಎಡಗೈಯಲ್ಲಿ ಸಹಿ ಹಾಕಿದಾಗಲೇ ಗುರುತು ಸಿಕ್ಕಿದ್ದು. ಟೀ ಕುಡಿಯುತ್ತ ತಾನಾಗಿ ಆ ಮಾತು ತೆಗೆದ. “ಅವಳು ನನ್ನ ಆಡ್ಕೊಳ್ಳೋಕೆ ಬರ್ದಿದ್ಳಲ್ವಾ? ನನ್ನ ಕೈ ಗಲೀಜು ಅಂತ. ಆಮೇಲೆ ಎಷ್ಟೋ ವರ್ಷ ಕೈ ಬಚ್ಚಿಟ್ಕೊಂಡೇ ಓಡಾಡ್ದೆ” ಎಂದ.

“ಆಡ್ಕೊಳ್ಳೋಕಲ್ಲ ಮಾರಾಯ. ನಿನ್ ಕೈ ಅಂದ್ರೆ ಅವಳಿಗೆ ಅಷ್ಟೊಂದು ಇಷ್ಟ ಇತ್ತು” ಎಂದೆ.

ಅವನು ಲೋಟ ಕೆಳಗಿಟ್ಟ. “ಅವತ್ತೇ ಯಾರಾದ್ರೂ ಹೇಳ್ಬಾರ್ದಿತ್ತಾ?” ಎಂದ. ಹೇಳಬಲ್ಲವಳು ಒಬ್ಬಳೇ ಇದ್ದಳು, ಎದುರಿಗೇ ಕೂತಿದ್ದಳು. ಆದರೂ ನೋಟ್‌ಬುಕ್ ಇಟ್ಟವಳು ನಾನೇ ಎಂಬ ಮಾತು ಬಾಯಿಗೆ ಬರಲಿಲ್ಲ. ಲಿಫ್ಟು ಸರಿ ಮಾಡಿ ಹೋದ. ಒಬ್ಬಳು ಮಗಳಿದ್ದಾಳಂತೆ, ಅವಳೂ ಎಡಚಿಯಂತೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೂಡಲೇ ‘ಬಿಡೇ, ಮಕ್ಕಳಾಟ’ ಎಂದುಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಹಾಗೆ ಅಷ್ಟು ಬೇಗ ಬಿಡಬೇಡ. ಕೋಪ ಮಾಡಿಕೋ. ಬೈದು ಬರೆ. ಬರೆಯದಿದ್ದರೂ ಸರಿ, ನಾನು ಅರ್ಥ ಮಾಡಿಕೊಳ್ಳುತ್ತೇನೆ.

ನಿಮ್ಮ ಅಮ್ಮನ ಮಂಡಿ ನೋವು ಕಡಿಮೆಯಾಗಲಿ, ನನ್ನ ನಮಸ್ಕಾರ ಹೇಳು. ನಿನ್ನ ಅವಳಿ ಮಕ್ಕಳು ನೂರು ಕಾಲ ಚೆನ್ನಾಗಿರಲಿ. ಅವರು ಗೋಡೆಯ ಮೇಲೆ ಗೀಚಿದರೆ ಬೈಯಬೇಡ. ನಿನ್ನ ಕೈಗೆ ಯಾರ ದೃಷ್ಟಿಯೂ ತಾಗದಿರಲಿ.

ಎಂದೆಂದೂ ನಿನ್ನ
ಗೋಂದು

ಮಡಚಿದ ಕಾಗದ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳು ಬರೆದೆ. ‘ನಿನಗೆ ಗೊತ್ತಿಲ್ಲದ್ದು’ ಎಂದೆನಲ್ಲ, ಅದು ಸುಳ್ಳು. ನಿನಗೆ ಗೊತ್ತು. ನಿನಗೆ ಗೊತ್ತಿದೆ ಎಂದು ನನಗೂ ಅವತ್ತಿನಿಂದ ಗೊತ್ತು.

ದೊಡ್ಡಮ್ಮನ ಊರಿಗೆ ಹೊರಡುವ ದಿನ ನೀನು ನಮ್ಮ ಮನೆಗೆ ಬಂದಿದ್ದೆ. ನಿನ್ನನ್ನು ಕಿಟಕಿಯಿಂದ ಕಂಡು, ‘ಮನೇಲಿಲ್ಲ ಅಂತ ಹೇಳಮ್ಮ’ ಎಂದು ಅಮ್ಮನ ಕೈ ಹಿಡಿದು ಬೇಡಿಕೊಂಡು ಬಾಗಿಲ ಹಿಂದೆ ನಿಂತೆ. ನೀನು ಒಳಗೆ ಬರಲಿಲ್ಲ. “ಆಂಟಿ, ನೋಟ್‌ಬುಕ್ ನಾನೇ ಬೆಂಚ್ ಮೇಲೆ ಮರೆತು ಬಿಟ್ಟೆ ಅಂತ ಎಲ್ರಿಗೂ ಹೇಳಿದೀನಿ. ಅವಳಿಗೆ ಹೆದರ್ಕೋಬೇಡ ಅಂತ ಹೇಳಿ, ಅಷ್ಟೇ” ಎಂದೆ. ನಿನ್ನ ಚಪ್ಪಲಿ ಹಾಕಿದ ಕಾಲು ಬಾಗಿಲಲ್ಲಿ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಬಾಗಿಲ ಸಂದಿಯಿಂದ ನೋಡುತ್ತಿದ್ದೆ, ಕೈ ಚಾಚಿದ್ದರೆ ನೀನು ಸಿಗುತ್ತಿದ್ದೆ. ಆಮೇಲೆ ನೀನು ಇಳಿದು ಹೋದೆ.

ಅಮ್ಮ ಬಾಗಿಲು ಹಾಕಿ, “ಏನೇ ಅದು? ನೀನ್ಯಾಕೆ ಹೆದರ್ಕೋಬೇಕು?” ಎಂದಳು.

“ಏನೋ ಪರೀಕ್ಷೆ ವಿಷ್ಯ” ಎಂದೆ.

ಅಮ್ಮ ಹೋಗಿ ಆರು ವರ್ಷವಾಯಿತು. ಅವಳಿಗೆ ಇನ್ನು ನಿಜ ಹೇಳಲಾರೆ.