ಅವಳೊಬ್ಬಳಿಗೆ ಗೊತ್ತಿಲ್ಲ

ಮಾರ್ಚ್ ೧೨, ಬುಧವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯೆಂದು ಭಾವಿಸಿದ್ದೇನೆ ಎಂದು ಬರೆಯಬೇಕಿತ್ತು, ಪೆನ್ನು ಅಲ್ಲೇ ನಿಂತಿತು. ಆಸ್ಪತ್ರೆಯ ಪರೀಕ್ಷೆಗಳು ಮುಗಿದು ನೀನು ನಿಮ್ಮೂರಿಗೆ ವಾಪಸಾದ ಮೇಲೆ ನಾನು ಒಂದು ಸಾಲೂ ಬರೆದಿಲ್ಲ. ಫೋನಿನಲ್ಲೂ ಹಾಂ ಹೂಂ ಅಂದು ಇಟ್ಟುಬಿಡುತ್ತೇನೆ. ಕ್ಷಮಿಸು. ನಿನಗೊಂದು ವಿಷಯ ಹೇಳಬೇಕಾಗಿದೆ. ಹೇಳುವುದಿಲ್ಲವೆಂದು ನಿನ್ನ ಮಗಳಿಗೂ ಅಳಿಯನಿಗೂ ಮಾತು ಕೊಟ್ಟಿದ್ದೇನೆ. ಆ ಮಾತು ಮುರಿಯುವುದಕ್ಕೇ ಈ ಕಾಗದ. ಮನೆಗೆ ಬಂದ ಟಪಾಲನ್ನು ಅಳಿಯ ಒಡೆಯುತ್ತಾನೆಂದು ನಿನ್ನ ಹೊಲಿಗೆ ಅಂಗಡಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಗಿರಾಕಿಗಳು ಹೋದ ಮೇಲೆ ಕೂತು ಓದು.

ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬಯ್ಯಬೇಡ. ನೇರವಾಗಿ ಹೇಳುವ ಅಭ್ಯಾಸ ಇದ್ದಿದ್ದರೆ ನಾನು ಪತ್ತೇದಾರಿ ಕಾದಂಬರಿ ಬರೆದು ಹೊಟ್ಟೆ ಹೊರೆಯುತ್ತಿರಲಿಲ್ಲ.

ಹೊಸ ಕಾದಂಬರಿ ಅರ್ಧಕ್ಕೆ ನಿಂತಿದೆ. ಕಿಟಕಿ ಪಕ್ಕ ಬರೆಯಲಾಗದೆ ಮೇಜನ್ನು ಅಡುಗೆಮನೆ ಬಾಗಿಲಿಗೆ ಎಳೆದೆ, ಅಲ್ಲೂ ಆಗದೆ ಹಜಾರಕ್ಕೆ ತಂದೆ. ಕೂತರೆ ಏಳೋಣ ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. "ಮೇಜು ಎಳೆದೂ ಎಳೆದೂ ನೆಲವೆಲ್ಲ ಗೀರು ಬಿತ್ತು. ಇವತ್ತಾದ್ರೂ ಕೊಲೆಗಾರ ಸಿಕ್ಕಿದ್ನಾ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ನಾನು ಯಾಕೆ ಹೀಗಾಡುತ್ತಿದ್ದೇನೆಂದು ಅವಳಿಗೆ ಗೊತ್ತು. ಗೊತ್ತಿದ್ದೇ ತಮಾಷೆ ಮಾಡುತ್ತಾಳೆ, ಪಾಪ.

ನನ್ನ ಕಸುಬಿನ ಗುಟ್ಟನ್ನು ನಿನಗೆ ಯಾವತ್ತೂ ಹೇಳಿಲ್ಲ. ಓದುಗನಿಂದ ಏನನ್ನೋ ಮುಚ್ಚಿಟ್ಟರೆ ಅವನು ಪುಸ್ತಕ ಕೆಳಗಿಡುವುದಿಲ್ಲ ಎಂದು ಜನ ತಿಳಿದಿದ್ದಾರೆ. ಮುಚ್ಚಿಟ್ಟದ್ದನ್ನು ತೆಗೆದಾಗ ಅವನು ಒಂದು ಸಲ ಬೆಚ್ಚಿಬೀಳುತ್ತಾನೆ, ಅಷ್ಟೆ. ಓದುಗನಿಗೆ ಮೊದಲೇ ಹೇಳಿಬಿಡಬೇಕು, ಪಾತ್ರಕ್ಕೆ ಹೇಳಬಾರದು. ಮಹಡಿ ಮೆಟ್ಟಿಲಿನ ಒಂದು ಹಲಗೆ ಸಡಿಲವಾಗಿದೆಯೆಂದು ಓದುಗನಿಗೆ ತೋರಿಸಿಬಿಡು. ಆಮೇಲೆ ಆ ಮನೆಯವಳು ಒಗೆದ ಬಟ್ಟೆ ಹೊತ್ತು ಮೇಲೆ ಹೋಗಲಿ, ಏನೋ ಮರೆತು ಕೆಳಗೆ ಬರಲಿ, ಮತ್ತೆ ಹತ್ತಲಿ. ನೀನು ಅವಳ ಕೈಯಲ್ಲಿರುವ ಬಟ್ಟೆಯ ಬಣ್ಣ ಹೇಳುತ್ತಾ ಕೂತರೂ ಸಾಕು, ಓದುವವನ ಜೀವ ಬಾಯಿಗೆ ಬಂದಿರುತ್ತದೆ. ಅವನು ಬೇಗ ಹೇಳು ಎಂದಷ್ಟೂ ನಾವು ನಿಧಾನ ಮಾಡಬೇಕು. ಇಷ್ಟು ವರ್ಷ ಇದೇ ಬಂಡವಾಳದಲ್ಲಿ ನನ್ನ ಸಂಸಾರ ನಡೆಯಿತು.

ಈ ಸಲದ ಕಥೆಯಲ್ಲಿ ಒಬ್ಬ ವಿಧವೆ ಸಣ್ಣದೊಂದು ಲಾಡ್ಜ್ ನಡೆಸುತ್ತಿದ್ದಾಳೆ. ಹಳೆಯ ವೈರಿಯೊಬ್ಬ ಜೈಲಿನಿಂದ ಬಿಡುಗಡೆಯಾಗಿ ಅವಳನ್ನು ಹುಡುಕಿಕೊಂಡು ಅದೇ ಊರಿಗೆ ಬಂದಿದ್ದಾನೆ. ಅಡುಗೆಯವನಿಗೆ ಗೊತ್ತು, ಬಟ್ಟೆ ಒಗೆಯುವವಳಿಗೆ ಗೊತ್ತು, ಆ ವಿಧವೆಯ ತಂಗಿಗೂ ಗೊತ್ತು. ಹೆದರಿಕೊಳ್ಳುತ್ತಾಳೆ, ಪಾಪ, ಹೇಳುವುದು ಬೇಡ ಎಂದು ಎಲ್ಲರೂ ಮಾತಾಡಿಕೊಂಡಿದ್ದಾರೆ. ಅವಳು ಹಾಡು ಗುನುಗುತ್ತಾ ಕೋಣೆಗಳ ಬೀಗ ತೆಗೆಯುತ್ತಾಳೆ, ಹಾಕುತ್ತಾಳೆ.

ನಿನ್ನೆ ಪ್ರಕಾಶಕರು ಬಂದಿದ್ದರು. ಬರೆದಷ್ಟನ್ನು ಓದಿ ಕನ್ನಡಕ ತೆಗೆದಿಟ್ಟರು. "ಎಲ್ಲ ಸರಿ ಸಾರ್, ಆದ್ರೆ ಇವ್ರು ಯಾಕೆ ಬಾಯಿ ಬಿಡಲ್ಲ? ಅವಳೇನು ಚಿಕ್ಕ ಮಗುನಾ? ಒಂದು ಮಾತು ಹೇಳಿದ್ರೆ ಅವಳು ಬಾಗಿಲು ಹಾಕ್ಕೋತಾಳೋ, ಊರು ಬಿಡ್ತಾಳೋ, ಕತ್ತಿ ಹಿಡ್ಕೊಂಡು ಕೂರ್ತಾಳೋ, ಏನೋ ಒಂದು ಮಾಡ್ತಾಳೆ."

"ಹೇಳಿಬಿಟ್ರೆ ಕಥೆ ಅಲ್ಲಿಗೇ ಮುಗಿಯತ್ತಲ್ಲ ಸ್ವಾಮಿ" ಅಂದೆ.

"ಅದು ನಿಮ್ಮ ಕಷ್ಟ. ಅವಳ ಕಷ್ಟ ಅಲ್ವಲ್ಲ" ಅಂದರು. ಅಷ್ಟು ಹೇಳಿ, ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಇನ್ನೊಬ್ಬ ಲೇಖಕನ ತಲೆ ತಿನ್ನಲು ಹೊರಟರು.

ಅವರು ಹೋದ ಮೇಲೆ ಆ ಪಾತ್ರಗಳಿಗೆ ಒಂದು ಒಳ್ಳೆಯ ಕಾರಣ ಹುಡುಕಲು ಕೂತೆ. ಯಾವ ಕಾರಣ ಹಚ್ಚಿದರೂ ಅದು ಬಾಯಿ ಮುಚ್ಚಿಕೊಂಡವರ ಅನುಕೂಲಕ್ಕೇ ಇರುತ್ತಿತ್ತು. ಅವಳ ಅಳು ನೋಡಲಾರರು, ಅವಳ ಪ್ರಶ್ನೆಗೆ ಉತ್ತರ ಕೊಡಲಾರರು. ಅವಳಿಗೆ ಒಳ್ಳೆಯದಾಗುವ ಕಾರಣ ಒಂದೂ ಸಿಗಲಿಲ್ಲ. ಅಷ್ಟರಲ್ಲಿ ನಿನ್ನ ಫೋನು ಬಂತು.

"ಗುಂಡ, ಅಂಗಡಿಗೆ ಬಣ್ಣ ಹೊಡಿಸ್ತಾ ಇದೀನಿ ಕಣೋ. ಶಾಲೆ ಯೂನಿಫಾರ್ಮ್ ಆರ್ಡರ್ ಪೂರ್ತಿ ಈ ಸಲ ನಂಗೇ ಬಂದಿದೆ. ಹುಣ್ಣೊಂದು ವಾಸಿ ಆಗ್ಲಿ, ಹೊಸ ಮೆಷಿನ್ ತಗೊಂಡೇ ಬಿಡ್ತೀನಿ" ಅಂದೆ ನೀನು. ಯಾವ ಬಣ್ಣ ಎಂದು ನಾನು ಕೇಳಿದೆ. ತಿಳಿ ಹಸಿರು ಅಂದೆ ನೀನು. ಬಾಗಿಲಿಗೆ ಮಾತ್ರ ಸ್ವಲ್ಪ ಗಾಢ ಅಂದೆ. ನಾನು ಬೆವರುತ್ತಿದ್ದೆ. ನಿನ್ನ ಮಗಳು ಸ್ಪೀಕರ್ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು, ಅವಳು ಉಸಿರು ಬಿಗಿಹಿಡಿದದ್ದು ನನಗೆ ಇಲ್ಲಿಗೆ ಕೇಳಿಸಿತು.

ಅಕ್ಕ, ಸಾಕು. ನಿನ್ನ ಹೊಟ್ಟೆಯಲ್ಲಿರುವುದು ಹುಣ್ಣಲ್ಲ. ಕ್ಯಾನ್ಸರ್. ಲಿವರಿಗೂ ಹರಡಿದೆ.

ಡಾಕ್ಟರು ಕೋಣೆಯೊಳಗೆ ನಮ್ಮ ಮೂವರಿಗೆ ಹೇಳಿದರು. ವಾಸಿಯಾಗುವುದಿಲ್ಲವಂತೆ. ಡ್ರಿಪ್‌ನಲ್ಲಿ ಔಷಧಿ ಕೊಟ್ಟರೆ ಒಂದಷ್ಟು ಕಾಲ ಹೆಚ್ಚಿಗೆ ಸಿಗಬಹುದು, ಸಿಗದೆಯೂ ಇರಬಹುದು. ಅದು ನಡೆಯುವಷ್ಟು ದಿನ ತುಂಬ ಸುಸ್ತು, ವಾಂತಿ, ಕೂದಲು ಉದುರುತ್ತದೆ, ಮೆಷಿನ್ ಮುಂದೆ ಕೂರುವುದಂತೂ ಕನಸು. ಅದು ಬೇಡವೆಂದರೆ ನೋವಿಗಷ್ಟೇ ಮಾತ್ರೆ ತೆಗೆದುಕೊಂಡು ಕೈಲಾಗುವವರೆಗೆ ನಿನ್ನ ಪಾಡಿಗೆ ನೀನಿರಬಹುದು. "ಎರಡರಲ್ಲಿ ಯಾವುದು ಅಂತ ಅವರನ್ನೇ ಕೇಳಿ" ಅಂದರು. ಯಾರು ಕೇಳುವವರು? ಅಳಿಯ ಅಂದ, "ಅತ್ತೆಗೆ ಗೊತ್ತಾದ್ರೆ ಅರ್ಧ ಜೀವ ಅಲ್ಲೇ ಹೋಗತ್ತೆ. ಹುಣ್ಣಿಗೆ ಔಷಧಿ ಅಂತ ಹೇಳಿ ಆಸ್ಪತ್ರೆಗೆ ಸೇರಿಸಿಬಿಡೋಣ." ನಿನ್ನ ಮಗಳು ಅಳುತ್ತಲೇ ನನ್ನ ಕೈ ಹಿಡಿದಳು. "ಮಾವ, ನಿಮಗೆ ಕಥೆ ಕಟ್ಟೋದು ನೀರು ಕುಡಿದಷ್ಟು ಸಲೀಸು. ನೀವೇ ಏನಾದ್ರೂ ಹೇಳಿ."

ಹೇಳಿದೆನಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಿನಗೆ ಹುಣ್ಣಿನ ಕಥೆ ಹೇಳಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡದೆ ಹೊಲಿಗೆಗೆ ಕೂತದ್ದೇ ಕಾರಣವೆಂದೆ, ಖಾರ ಬಿಡು ಎಂದೆ, ಡಾಕ್ಟರು ನಕ್ಕರು ಎಂದೂ ಸೇರಿಸಿದೆ. ಆ ನಗು ಪೂರ್ತಿ ನನ್ನ ಕೈಚಳಕ. ನೀನು ನಂಬಿ ನಿಟ್ಟುಸಿರು ಬಿಟ್ಟೆ.

ಬರುವ ಸೋಮವಾರ ನಿನ್ನನ್ನು ಸೇರಿಸುತ್ತಾರೆ. ಹುಣ್ಣಿನ ಔಷಧಿ ಎಂದು ಹೇಳಿ ಹಾಕುವುದು ಆ ಡ್ರಿಪ್. ಅದಕ್ಕೆ ಮುಂಚೆ ಇದು ನಿನ್ನ ಕೈ ಸೇರಲಿ ಎಂದು ಕೊರಿಯರ್‌ನವನಿಗೆ ಕೈಮುಗಿಯುವವನಿದ್ದೇನೆ. ಬೇಕು ಅಂದರೆ ಹಾಕಿಸಿಕೊ, ಬೇಡ ಅಂದರೆ ಬೇಡ ಅನ್ನು. ಮೈ ನಿನ್ನದು, ನಿರ್ಧಾರವೂ ನಿನ್ನದು. ಯಾರು ಏನೇ ಅನ್ನಲಿ, ನಾನು ನಿನ್ನ ಪಕ್ಕ ನಿಲ್ಲುತ್ತೇನೆ. ಮಗಳ ಮೇಲೆ ಸಿಟ್ಟು ಮಾಡಬೇಡ. ಅವಳು ಊಟವನ್ನೂ ನೆಟ್ಟಗೆ ಮಾಡುತ್ತಿಲ್ಲವಂತೆ. ಅಳಿಯನೂ ಕೆಟ್ಟವನಲ್ಲ, ಹೆದರುಪುಕ್ಕಲ ಅಷ್ಟೆ, ನಮ್ಮ ಮನೆಗೆ ಹೊಂದುವ ಗಂಡು. ಬಯ್ಯುವುದಿದ್ದರೆ ನನಗೆ ಬಯ್ಯಿ.

ಪ್ರತಿ ಕಾಗದದ ಕೊನೆಗೂ ನಿನ್ನ ಆಶೀರ್ವಾದ ಬೇಡುತ್ತಿದ್ದೆ. ಈ ಸಲ ಬೇಡುವ ಮುಖ ಇಲ್ಲ. ಇದ್ದಷ್ಟು ದಿನವೂ ನಿನಗೆ ನೋವು ಕಡಿಮೆ ಇರಲಿ, ನಿದ್ದೆ ಚೆನ್ನಾಗಿ ಬರಲಿ.

ನಿನ್ನ
ಗುಂಡ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ದೊಡ್ಡ ಮನುಷ್ಯನ ಹಾಗೆ ನಿರ್ಧಾರ ನಿನ್ನದು ಎಂದು ಬರೆದಿದ್ದೇನೆ. ನೀನು ಏನು ನಿರ್ಧಾರ ಮಾಡುತ್ತೀ ಎಂದು ನನಗೆ ಗೊತ್ತು. "ಡ್ರಿಪ್ಪೂ ಬೇಡ, ಏನೂ ಬೇಡ, ನಾನು ಅಂಗಡಿ ಬಾಗಿಲು ತೆಗೀತೀನಿ" ಅನ್ನುತ್ತೀ. ಇದು ಗೊತ್ತಿದ್ದೇ ಆವತ್ತು ಆ ಬೆಂಚಿನ ಹತ್ತಿರ ಸುಳ್ಳು ಹೇಳಿದೆ. ನೀನು ಹೆದರುತ್ತೀ ಎಂದು ಅಳಿಯ ನಂಬಿದ್ದ, ನಾನು ಒಂದು ಕ್ಷಣವೂ ನಂಬಿರಲಿಲ್ಲ. ನಿನ್ನನ್ನು ಕೇಳಿದರೆ ನೀನು ಬೇಗ ಹೊರಟುಬಿಡುತ್ತೀ ಎಂದು ಕೇಳಲಿಲ್ಲ. ಅಮ್ಮ ಹೋದಾಗ ನಾನು ಚಿಕ್ಕವನು, ನೀನಿದ್ದೆ. ಈಗ ನನಗೆ ಮೊಮ್ಮಗಳಿದ್ದಾಳೆ, ಆದರೂ ನೀನಿಲ್ಲದೆ ಹೇಗಿರಬೇಕೆಂದು ತಿಳಿಯುತ್ತಿಲ್ಲ. ನನ್ನ ಈ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಬರೆಯುವುದಕ್ಕೇ ಲಕೋಟೆ ಹರಿದೆ. ಬರೆಯಲಾಗುತ್ತಿಲ್ಲ. ಡ್ರಿಪ್ ಹಾಕಿಸಿಕೊ, ಅಕ್ಕ.